ನ್ಯಾಸ್ ಕೊಳ್ಳುವ ಮೊದಲು ಟಿವಿಯನ್ನು ವಿಚಾರಿಸಿ

“ನ್ಯಾಸ್ ತಗೋಬೇಕು ಅಂತಿದೀನಿ, ಯಾವುದು ಒಳ್ಳೇದು?” ನನ್ನ ಸ್ನೇಹಿತರ ಬಳಗದಲ್ಲಿ ಆಗಾಗ ಏಳುವ ಪ್ರಶ್ನೆ ಇದು. ಕಾರಣ ಇಲ್ಲದಿಲ್ಲ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತುಹೋಯಿತು. ಈಗ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲೂ ಸೇರಿಕೊಳ್ಳುತ್ತದೆ. ಐಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮಿನ 4ಕೆ ವಿಡಿಯೊ ತೆಗೆದರೆ ನಿಮಿಷಕ್ಕೆ ಸುಮಾರು 400 ಎಂಬಿ ಬೇಕು. ಲೆಕ್ಕ ಹಾಕಿ: 15 ಜಿಬಿ ಅಂದರೆ 40 ನಿಮಿಷವೂ ಇಲ್ಲ. ಒಂದು ನಾಮಕರಣಕ್ಕೂ ಸಾಲದು!

ನ್ಯಾಸ್ ಅಂದರೆ ರೂಟರ್‌ಗೆ ಕೇಬಲ್ ಸಿಕ್ಕಿಸಿ ಮೂಲೆಯಲ್ಲಿಡುವ, ಒಳಗೆ ಒಂದೆರಡು ಹಾರ್ಡ್‌ಡಿಸ್ಕ್ ಇರುವ ಪುಟ್ಟ ಡಬ್ಬ. ಅದರಲ್ಲಿಟ್ಟ ಸಿನಿಮಾ, ಹಾಡು, ಮನೆಯ ವಿಡಿಯೊಗಳನ್ನು ಟಿವಿ, ಫೋನು, ಲ್ಯಾಪ್‌ಟಾಪ್ ಎಲ್ಲದರಲ್ಲೂ ನೋಡಬಹುದು. ಆದರೆ ಯಾವ ಡಬ್ಬ ಬೇಕು ಅನ್ನುವುದನ್ನು ತೀರ್ಮಾನಿಸಬೇಕಾದದ್ದು ಅಂಗಡಿಯವನಲ್ಲ, ನಿಮ್ಮ ಮನೆಯ ಟಿವಿ.

ಕೊಡುವುದು ಬೇರೆ, ಬೇಯಿಸಿ ಬಡಿಸುವುದು ಬೇರೆ

ಡಬ್ಬದಲ್ಲಿರುವ ಫೈಲ್ ಟಿವಿಗೆ ಅರ್ಥವಾಗುವಂಥದ್ದಾದರೆ ನ್ಯಾಸ್‌ಗೆ ಕೆಲಸವೇ ಇಲ್ಲ, ಫೈಲನ್ನು ಇದ್ದ ಹಾಗೇ ಕಳಿಸಿದರೆ ಆಯಿತು. ಇದಕ್ಕೆ ಡೈರೆಕ್ಟ್ ಪ್ಲೇ ಅನ್ನುತ್ತಾರೆ. ಟಿವಿಗೆ ಅರ್ಥವಾಗದಿದ್ದರೆ ನ್ಯಾಸ್ ಆ ವಿಡಿಯೊವನ್ನು ಓಡುತ್ತಿರುವಾಗಲೇ ಬೇರೆ ರೂಪಕ್ಕೆ ಬದಲಿಸಿ ಕೊಡಬೇಕು. ಇದು ಟ್ರಾನ್ಸ್‌ಕೋಡಿಂಗ್. ಅಗ್ಗದ ಡಬ್ಬಗಳು ಏದುಸಿರು ಬಿಡುವುದು ಇಲ್ಲೇ.

ಈಗಿನ ಫೋನುಗಳು ಎಚ್.265 ಎಂಬ ಬಗೆಯಲ್ಲಿ ವಿಡಿಯೊ ಉಳಿಸುತ್ತವೆ. ಹಳೆಯ ಟಿವಿಗಳಿಗೆ ಎಚ್.264 ಮಾತ್ರ ಗೊತ್ತು. ಹಾಗಾಗಿ ನಾನು ಎಲ್ಲರಿಗೂ ಹೇಳುವ ಮೊದಲ ಕೆಲಸ: ಒಂದು ಪೆನ್‌ಡ್ರೈವ್‌ಗೆ ಮೂರು ಫೈಲ್ ಹಾಕಿ. ಫೋನಿನಲ್ಲಿ ತೆಗೆದದ್ದೊಂದು, ಮದುವೆ ವಿಡಿಯೊದವರು ಕೊಟ್ಟದ್ದೊಂದು, ನಿಮ್ಮಲ್ಲಿರುವ ಅತಿ ದೊಡ್ಡ 4ಕೆ ಫೈಲ್ ಒಂದು. (4 ಜಿಬಿ ಮೀರಿದ ಫೈಲ್ ಕಾಪಿ ಆಗದಿದ್ದರೆ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.) ಟಿವಿಗೇ ನೇರವಾಗಿ ಸಿಕ್ಕಿಸಿ ನೋಡಿ. ಚಿತ್ರ, ಧ್ವನಿ ಎರಡೂ ಸರಿಯಾಗಿ ಬಂದರೆ ಸಾದಾ ನ್ಯಾಸ್ ಸಾಕು. ಸಿನಾಲಜಿಯ ಡಿಎಸ್223ಜೆ, ಕ್ಯೂನ್ಯಾಪ್‌ನ ಟಿಎಸ್-233 ಈ ವರ್ಗದವು. ಎರಡರಲ್ಲೂ ಎರಡೆರಡು ಡಿಸ್ಕ್ ಹಾಕಬಹುದು.

ಬರಲಿಲ್ಲವಾ? ತಕ್ಷಣ ದುಬಾರಿ ನ್ಯಾಸ್‌ಗೆ ಹಾರಬೇಡಿ. ಎಚ್.265 ಗೊತ್ತಿರುವ ಫೈರ್ ಟಿವಿ ಸ್ಟಿಕ್ 4ಕೆಯಂಥ ಸಾಧನವನ್ನು ಟಿವಿಗೆ ಸಿಕ್ಕಿಸಿದರೆ ಸಮಸ್ಯೆ ಅಲ್ಲೇ ಮುಗಿಯಬಹುದು, ಅದೂ ಎಷ್ಟೋ ಕಡಿಮೆ ದುಡ್ಡಿಗೆ.

ಇಂಟೆಲ್ ಪ್ರೊಸೆಸರ್ ಇರುವ ಡಿಎಸ್224+ ಥರದ್ದು ಬೇಕಾಗುವುದು ಯಾವಾಗ? ಊರಲ್ಲಿರುವ ಅಮ್ಮ ಮೊಬೈಲ್ ಡೇಟಾದಲ್ಲಿ ನಿಮ್ಮ ನ್ಯಾಸ್‌ನ ವಿಡಿಯೊ ನೋಡಬೇಕು, ಅದಕ್ಕೆ ಗಾತ್ರ ಕುಗ್ಗಿಸಬೇಕು ಅಂದಾಗ. ಇಲ್ಲವೇ ಸಬ್‌ಟೈಟಲ್ಲನ್ನು ಚಿತ್ರದ ಮೇಲೇ ಅಚ್ಚೊತ್ತಿ ಕಳಿಸಬೇಕಾದಾಗ. ಆದರೆ ಪ್ಲೆಕ್ಸ್ ಬಳಸುವವರು ಗಮನಿಸಿ: ಪ್ರೊಸೆಸರಿನಲ್ಲಿರುವ ಗ್ರಾಫಿಕ್ಸ್ ಬಲದಿಂದ ಟ್ರಾನ್ಸ್‌ಕೋಡ್ ಮಾಡಲು ಪ್ಲೆಕ್ಸ್ ಪಾಸ್ ಚಂದಾ ಬೇಕು. 2025ರ ಏಪ್ರಿಲ್ ಕೊನೆಯಿಂದ ಮನೆಯಾಚೆ ಕೂತು ವಿಡಿಯೊ ನೋಡಲೂ ದುಡ್ಡು ಕೊಡಬೇಕು. ಜೆಲ್ಲಿಫಿನ್ ಪೂರ್ತಿ ಉಚಿತ. ಆದರೆ ಅದನ್ನು ಹಾಕಲು ಕೆಲವು ನ್ಯಾಸ್‌ಗಳಲ್ಲಿ ಡಾಕರ್ ಬೇಕಾಗುತ್ತದೆ, ಕೊಳ್ಳುವ ಮಾದರಿಯಲ್ಲಿ ಆ ಸೌಲಭ್ಯ ಇದೆಯಾ ವಿಚಾರಿಸಿ.

ವೇಗದ ಮಾತಿಗೆ ಮರುಳಾಗಬೇಡಿ

2.5 ಗಿಗಾಬಿಟ್ ಪೋರ್ಟ್ ಇದೆ ಅಂತ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. 4ಕೆ ಬ್ಲೂರೇ ಡಿಸ್ಕಿನ ವೇಗವೇ ಗರಿಷ್ಠ 128 ಎಂಬಿಪಿಎಸ್. ಸಾಮಾನ್ಯ ಗಿಗಾಬಿಟ್ ಪೋರ್ಟ್ ಅಂದರೆ 1000 ಎಂಬಿಪಿಎಸ್. ಮನೆಯಲ್ಲಿ ಮೂರು ಟಿವಿ ಒಟ್ಟಿಗೆ ಓಡಿದರೂ ಸಾಕು. ನ್ಯಾಸನ್ನು ರೂಟರ್‌ಗೆ ಕೇಬಲ್‌ನಲ್ಲೇ ಜೋಡಿಸಿ. ಟಿವಿಗೆ ಮಾತ್ರ ಎರಡನ್ನೂ ಪರೀಕ್ಷಿಸಿ. ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟು 100 ಎಂಬಿಪಿಎಸ್‌ಗೇ ಸೀಮಿತ, ರೂಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ವೈಫೈಯೇ ಅದಕ್ಕಿಂತ ಚುರುಕಾಗಿರಬಹುದು.

ಡಿಸ್ಕ್ ಮತ್ತು ಕರೆಂಟು

ಸಾಮಾನ್ಯವಾಗಿ ಡಬ್ಬದ ಬೆಲೆಯಲ್ಲಿ ಹಾರ್ಡ್‌ಡಿಸ್ಕ್ ಸೇರಿರುವುದಿಲ್ಲ, ಬಜೆಟ್ ತಪ್ಪುವುದೇ ಇಲ್ಲಿ. ಡಿಸ್ಕ್ ಕೊಳ್ಳುವಾಗ ಸಿಎಂಆರ್ ಬಗೆಯದನ್ನೇ ಕೇಳಿ. ಡಬ್ಲ್ಯೂಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಅಂಥವು. ಎಸ್‌ಎಂಆರ್ ಡಿಸ್ಕುಗಳು ದೊಡ್ಡ ಪ್ರಮಾಣದಲ್ಲಿ ಬರೆಯುವಾಗ, ಅದರಲ್ಲೂ ಕೆಟ್ಟ ಡಿಸ್ಕಿನ ಬದಲು ಹೊಸದನ್ನು ಹಾಕಿ ತುಂಬಿಸುವಾಗ, ಬಹಳ ನಿಧಾನ.

ಎರಡು ಡಿಸ್ಕಿನ ನ್ಯಾಸ್ ಸುಮಾರು 20 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, ಹಗಲು ರಾತ್ರಿ ಓಡಿದಾಗ ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪದೇ ಪದೇ ಕರೆಂಟು ಹೋಗುವ ಕಡೆ ಒಂದು ಸಣ್ಣ ಯುಪಿಎಸ್ ಬೇಕೇ ಬೇಕು. ಅದನ್ನು ಯುಎಸ್‌ಬಿಯಲ್ಲಿ ಜೋಡಿಸುವ ಸೌಲಭ್ಯವಿದ್ದರೆ, ಬ್ಯಾಟರಿ ಮುಗಿಯುವ ಮೊದಲು ನ್ಯಾಸ್ ತಾನೇ ಸರಿಯಾಗಿ ಆಫ್ ಆಗುತ್ತದೆ.

ಎರಡು ಡಿಸ್ಕ್ ಇದ್ದರೂ ಅದು ಬ್ಯಾಕಪ್ ಅಲ್ಲ

ಇದೊಂದು ಮಾತನ್ನು ಮಾತ್ರ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. 4 ಟಿಬಿಯ ಎರಡು ಡಿಸ್ಕನ್ನು ರೇಡ್ 1ರಲ್ಲಿ ಹಾಕಿದರೆ ಸಿಗುವ ಜಾಗ 4 ಟಿಬಿ, ಎರಡರಲ್ಲೂ ಒಂದೇ ಸರಕು. ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ, ನಿಜ. ಆದರೆ ಮಗು ರಿಮೋಟ್ ಒತ್ತಿ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಕಳ್ಳ ಡಬ್ಬವನ್ನೇ ಹೊತ್ತೊಯ್ದರೆ ಎರಡೂ ಹೋಗುತ್ತವೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್, ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟ ಕ್ಯೂನ್ಯಾಪ್ ನ್ಯಾಸ್‌ಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು. ರೇಡ್ ಅದನ್ನು ತಡೆಯಲಾರದು. ಹಾಗಾಗಿ ರೂಟರ್‌ನಲ್ಲಿ ಪೋರ್ಟ್ ತೆರೆದಿಡಬೇಡಿ, ಹೊರಗಿನಿಂದ ನೋಡಲೇಬೇಕೆಂದರೆ ವಿಪಿಎನ್ ಬಳಸಿ.

ನಮ್ಮ ನ್ಯಾಸ್‌ನಲ್ಲಿ ಸಿನಿಮಾಗಳೂ ಇವೆ, ನಮ್ಮಜ್ಜಿ ಹಸೆ ಹಾಡು ಹೇಳುವ ಒಂದು ವಿಡಿಯೊವೂ ಇದೆ. ಸಿನಿಮಾ ಹೋದರೆ ಯಾವುದಾದರೂ ಒಟಿಟಿಯಲ್ಲಿ ಸಿಕ್ಕೀತು. ಅಜ್ಜಿ ಈಗಿಲ್ಲ, ಆ ಹಾಡು ಎಲ್ಲೂ ಸಿಗುವುದಿಲ್ಲ.

ಅದಕ್ಕೇ ನನ್ನ ಸಲಹೆ: ಸಾದಾ ನ್ಯಾಸ್ ಕೊಂಡು ಉಳಿಸಿದ ದುಡ್ಡಿನಲ್ಲಿ ಎರಡು ಸಾಮಾನ್ಯ ಯುಎಸ್‌ಬಿ ಹಾರ್ಡ್‌ಡಿಸ್ಕ್ ತಗೊಳ್ಳಿ. ಮನೆಯ ಫೋಟೊ, ವಿಡಿಯೊಗಳನ್ನಷ್ಟೇ ಅದಕ್ಕೆ ಕಾಪಿ ಮಾಡಿ. ಒಂದು ನಿಮ್ಮ ಬೀರುವಿನಲ್ಲಿರಲಿ, ಇನ್ನೊಂದು ಊರಿನ ಮನೆಯಲ್ಲಿ. ಯುಗಾದಿಗೊಮ್ಮೆ, ದಸರೆಗೊಮ್ಮೆ ಊರಿಗೆ ಹೋಗುವಾಗ ಹೊಸದನ್ನು ಒಯ್ದು ಅಲ್ಲಿಟ್ಟು, ಹಳೆಯದನ್ನು ತನ್ನಿ.