ಅಳುವ ಕೂಸು, ಹಠದ ಪೋರ

ಆರು ತಿಂಗಳ ಕೂಸನ್ನೂ ಎರಡು ವರ್ಷದ ಪೋರನನ್ನೂ ಶಿಶುವಿಹಾರದ ಒಬ್ಬರೇ ಆಯಾ ನೋಡಿಕೊಳ್ಳುತ್ತಿದ್ದರೆ, ಅವರು ಮಾಡುತ್ತಿರುವುದು ಎರಡು ಕೆಲಸ. ಕೂಸು ಅತ್ತರೆ ಕೂಡಲೇ ಓಡಬೇಕು. ಪೋರ ಅತ್ತಾಗಲೆಲ್ಲ ಕೇಳಿದ್ದನ್ನು ಕೊಡುತ್ತ ಹೋದರೆ ಕೆಟ್ಟಿತು.

ಹಸುಗೂಸಿಗೆ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ಶಕ್ತಿ ತೀರಾ ಕಡಿಮೆ. ಆ ಕೆಲಸವನ್ನು ಇನ್ನೊಬ್ಬರ ಮೈ ಮಾಡಿಕೊಡಬೇಕು. ಅಮ್ಮ ಎತ್ತಿಕೊಂಡು ಅಡ್ಡಾಡಿದರೆ ಅಳು ತಗ್ಗುವುದಷ್ಟೇ ಅಲ್ಲ, ಕೂಸಿನ ಎದೆಬಡಿತವೂ ನಿಧಾನವಾಗುತ್ತದೆ ಎಂದು ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2013ರಲ್ಲಿ ತೋರಿಸಿದರು. 'ಎತ್ತಿ ಎತ್ತಿ ಅಭ್ಯಾಸ ಮಾಡಿಸಬೇಡ, ಆಮೇಲೆ ಕೆಳಗಿಳಿಯಲ್ಲ' ಎನ್ನುವ ಹಿರಿಯರ ಮಾತು ಈ ವಯಸ್ಸಿಗೆ ಸಲ್ಲದು. ಉಳಿದಂತೆ ನಿಯಮಗಳು ಸರಳ: ಅಂಗಾತ ಮಲಗಿಸುವುದು, ಹಾಸಿಗೆಯಲ್ಲಿ ದಿಂಬು ಇಡದಿರುವುದು, ಆರು ತಿಂಗಳವರೆಗೆ ನೀರನ್ನೂ ಕುಡಿಸದೆ ಎದೆಹಾಲಷ್ಟೇ ಕೊಡುವುದು. ಜೇನು ನೆಕ್ಕಿಸುವ ಸಂಪ್ರದಾಯವಂತೂ ಬೇಡ. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳನ್ನು ವರ್ಷ ತುಂಬದ ಕರುಳು ತಡೆಯಲಾರದು.

ನಿಜವಾದ ತಿರುವು ಬರುವುದು ಎಂಟು-ಒಂಬತ್ತು ತಿಂಗಳ ಹೊತ್ತಿಗೆ. ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಎಂಬ ತಿಳಿವು ಮಗುವಿನಲ್ಲಿ ಗಟ್ಟಿಯಾಗುತ್ತದೆ. ಹಾಗೆಂದರೆ, ಬಾಗಿಲಾಚೆ ಹೋದ ಅಮ್ಮ ಎಲ್ಲೋ ಇದ್ದಾಳೆ, ಇಲ್ಲಿಲ್ಲ! ಅಲ್ಲಿಂದ ಶುರು, ಸೆರಗು ಬಿಡದ ಅಳು. ನಮ್ಮ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ 26 ವಾರಗಳ ರಜೆ ತಂದುಕೊಟ್ಟಿತು (ಕಟ್ಟಡದ ಕೆಲಸಕ್ಕೆ ಹೋಗುವ ತಾಯಿಗೆ ಅಷ್ಟೂ ಸಿಗುವುದು ಅಪರೂಪ). ರಜೆ ಮುಗಿಸಿ ಆರನೇ ತಿಂಗಳಲ್ಲಿ ಶಿಶುವಿಹಾರಕ್ಕೆ ಬಿಟ್ಟಾಗ ನಗುನಗುತ್ತ ಆಯಾಳ ತೋಳಿಗೆ ಹೋದ ಮಗು ಒಂಬತ್ತರಲ್ಲಿ ಚೀರುತ್ತದೆ. ಅಲ್ಲಿ ಏನೋ ಆಗಿದೆ ಎಂದು ಮನೆಯವರು ಗಾಬರಿ ಬೀಳುತ್ತಾರೆ. ವಿಚಾರಿಸುವುದು ತಪ್ಪಲ್ಲ. ಆದರೆ ಬಹಳ ಸಲ ಅಲ್ಲಿ ಏನೂ ಆಗಿರುವುದಿಲ್ಲ, ಮಗು ಬೆಳೆದಿದೆ ಅಷ್ಟೆ. ಆಗ ಬೇಕಾದ್ದು ದಿನವೂ ಅದೇ ಮುಖದ ಆಯಾ.

ನಡೆಯಲು ಕಲಿತ ಮಗುವಿನ ಪಾಡೇ ಬೇರೆ. ಕಾಲಿಗೆ ಬಲ ಬಂದಿದೆ, ಆಸೆಗೆ ಮಿತಿಯಿಲ್ಲ, ಅದನ್ನು ಹೇಳುವಷ್ಟು ಮಾತಿಲ್ಲ. ಆಸೆಗೆ ಲಗಾಮು ಹಾಕುವ ಹಣೆಯ ಹಿಂದಿನ ಮಿದುಳಿನ ಭಾಗ ಮಾಗಲು ಇನ್ನೂ ಇಪ್ಪತ್ತು ವರ್ಷ ಬೇಕು. ನೆಲದ ಮೇಲೆ ಬಿದ್ದು ಹೊರಳಾಡುವ ರಚ್ಚೆಗೆ ಗದರಿಕೆಯಿಂದ ಉಪಯೋಗವಿಲ್ಲ. 'ಕೆಂಪು ಲೋಟವೋ, ನೀಲಿ ಲೋಟವೋ?' ಎಂದು ಆಯ್ಕೆ ಕೊಟ್ಟರೆ ಕೆಲವೊಮ್ಮೆ ಬಗ್ಗುತ್ತದೆ. ಅಪಾಯಗಳೂ ಈಗ ಬೇರೆ: ಗಂಟಲಿಗೆ ಸಿಕ್ಕಿಕೊಳ್ಳುವ ಕಡಲೆಕಾಯಿ ಬೀಜ, ನಾಣ್ಯ, ಗುಂಡಿಯಂಥ ಬ್ಯಾಟರಿ, ಬಚ್ಚಲಲ್ಲಿ ನೀರು ತುಂಬಿಟ್ಟ ಬಕೆಟ್ಟು.

ವೇಳಾಪಟ್ಟಿ ಒಗ್ಗುವುದು ಇವರಿಗೇ. ಒಂದೆರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಸಾಕು, ಅದರಲ್ಲಿ ಮಧ್ಯಾಹ್ನದ್ದು ಬರಬರುತ್ತ ಒಂದೇ ಸಲ. ಕೂಸಿಗೆ ಹಸಿವಾದಾಗ ಊಟ, ತೂಕಡಿಸಿದಾಗ ತೊಟ್ಟಿಲು. ಹಾಗಾಗಿ ಶಿಶುವಿಹಾರ ನೋಡಲು ಹೋದವರು ಗೋಡೆಯ ಚಿತ್ರಗಳನ್ನು ಮೆಚ್ಚುವ ಮೊದಲು ಮೂರು ಪ್ರಶ್ನೆ ಕೇಳುವುದು ಲೇಸು: ಒಬ್ಬ ಆಯಾಗೆ ಎಷ್ಟು ಕೂಸು, ಆಯಾಗಳು ಎಷ್ಟು ಬೇಗ ಬದಲಾಗುತ್ತಾರೆ, ಅಂಬೆಗಾಲಿಡುವವರಿಗೆ ಓಡುವವರ ಕಾಲ್ತುಳಿತಕ್ಕೆ ಸಿಗದ ಜಾಗ ಇದೆಯೇ?