ಇಪ್ಪತ್ತೆಂಟರ ಗಾಲಿ, ಇಪ್ಪತ್ತೊಂಬತ್ತರ ಗಾಲಿ

ಕೆ.ಆರ್. ನಗರದ ನಾಲೆ ಏರಿಯ ಮೇಲೋ ಪಿರಿಯಾಪಟ್ಟಣದ ಸಂತೆಯ ಹತ್ತಿರವೋ ಇವತ್ತಿಗೂ ಹಾಲಿನ ಕ್ಯಾನು ತೂಗುಹಾಕಿಕೊಂಡ ಹಳೆಯ ಕರಿ ಸೈಕಲ್ಲು ಕಣ್ಣಿಗೆ ಬೀಳುತ್ತದೆ. ಮುಂದಿನ ಸಲ ಕಂಡಾಗ ಒಂದು ನಿಮಿಷ ಬಗ್ಗಿ ಅದರ ಟಯರಿನ ಪಕ್ಕೆಯನ್ನು ಓದಿ. 28 × 1½ ಎಂದು ದಪ್ಪಕ್ಷರದಲ್ಲಿರುತ್ತದೆ. ಆ ಟಯರಿನ ಅಂತರರಾಷ್ಟ್ರೀಯ ಅಳತೆ 40-635. ಅಂದರೆ ಟಯರಿನ ಅಗಲ 40 ಮಿ.ಮೀ., ಟಯರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ. ಇನ್ನು ಮೈಸೂರಿನ ಯಾವುದಾದರೂ ಅಂಗಡಿಗೆ ಹೋಗಿ, ‘29 ಇಂಚು’ ಎಂದು ಹೆಮ್ಮೆಯಿಂದ ಬರೆದುಕೊಂಡ ಎಲೆಕ್ಟ್ರಿಕ್ ಮೌಂಟನ್ ಬೈಕಿನ ಟಯರು ಓದಿ. ಅಲ್ಲಿ 622 ಎಂದಿರುತ್ತದೆ. ಹಾಲಿನವರ ಇಪ್ಪತ್ತೆಂಟರ ರಿಮ್ಮು ಇಪ್ಪತ್ತೊಂಬತ್ತರ ರಿಮ್ಮಿಗಿಂತ 13 ಮಿ.ಮೀ. ದೊಡ್ಡದು!

ಇಂಚಿನ ಲೆಕ್ಕ ರಿಮ್ಮಿನದಲ್ಲ, ಟಯರೂ ಸೇರಿದ ಹೊರ ಅಳತೆಯದು ಎಂಬುದೇ ಇದರ ಗುಟ್ಟು. ಇಪ್ಪತ್ತೊಂಬತ್ತರ ರಿಮ್ಮಿಗೆ 2.4 ಇಂಚು ದಪ್ಪದ ಟಯರು ಹಾಕಿದರೆ ಹೊರವ್ಯಾಸ ಸುಮಾರು 744 ಮಿ.ಮೀ. ಆಗುತ್ತದೆ. ಹಳೆಯ ಸೈಕಲ್ಲಿನದು 715. ಇಪ್ಪತ್ತೇಳೂವರೆ ಎನ್ನುವ ಗಾಲಿಯ ರಿಮ್ಮು 584 ಮಿ.ಮೀ., ಅಷ್ಟೇ ದಪ್ಪದ ಟಯರು ಹಾಕಿದರೆ ಹೊರವ್ಯಾಸ 706. ನಮ್ಮ ಅಜ್ಜಂದಿರು ರಾಗಿ ಮೂಟೆ ಹೇರಿಕೊಂಡು ತುಳಿದ ಗಾಲಿ ಇಂದಿನ ಈ ಎರಡು ಅಳತೆಗಳ ನಡುವೆ ನಿಲ್ಲುತ್ತದೆ. ಹಾಗಾಗಿ ‘ಮೌಂಟನ್ ಬೈಕು ಪಟ್ಟಣದ ಹುಡುಗರ ಶೋಕಿ, ನಮ್ಮ ರಸ್ತೆಗೆ ಒಗ್ಗುವುದಿಲ್ಲ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲದ ದಾರಿಗಳಲ್ಲಿ ಈ ಗಾತ್ರದ ಗಾಲಿ ತಲೆಮಾರುಗಳಿಂದ ಉರುಳುತ್ತಿದೆ. ಹೊಸದಾಗಿ ಬಂದದ್ದು ದಪ್ಪ ಟಯರು ಮತ್ತು ಮೋಟಾರು.

ಮೌಂಟನ್ ಬೈಕಿನ ಮೊದಲ ಗಾಲಿ 26 ಇಂಚಿನದು. ಅದನ್ನು ಯಾರೂ ಲೆಕ್ಕ ಹಾಕಿ ಆರಿಸಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗೆಳೆಯರ ಗುಂಪೊಂದು ಹಳೆಯ ಗುಜರಿ ಸೈಕಲ್ಲುಗಳನ್ನು ಬೆಟ್ಟದ ಮೇಲಿಂದ ಇಳಿಸುತ್ತಿತ್ತು. 1930ರ ದಶಕದಲ್ಲಿ ಅಲ್ಲಿ ಬಂದಿದ್ದ ದಪ್ಪ ಬಲೂನ್ ಟಯರಿನ ಸೈಕಲ್ಲುಗಳು ಅವು. ಅವಕ್ಕೆ 26 ಇಂಚಿನ ಗಾಲಿ ಇತ್ತು, ಅದೇ ಉಳಿದುಕೊಂಡಿತು. ದೊಡ್ಡ ಗಾಲಿ ಮೇಲೇನೋ ಎಂದು ಜನ ಗಂಭೀರವಾಗಿ ಯೋಚಿಸಲು ಇನ್ನೂ ಮೂವತ್ತು ವರ್ಷ ಹಿಡಿಯಿತು.

ದೊಡ್ಡ ಗಾಲಿಯ ಲಾಭ ಎತ್ತಿನ ಗಾಡಿ ಹೂಡಿದವರಿಗೆಲ್ಲ ಗೊತ್ತು. ಗಾಡಿಯ ಚಕ್ರವನ್ನು ಎದೆಯೆತ್ತರಕ್ಕೆ ಮಾಡಿದ್ದು ಅಂದಕ್ಕಲ್ಲ. ದಾರಿಯಲ್ಲಿ ಕಲ್ಲು ಸಿಕ್ಕಿದಾಗ ಚಿಕ್ಕ ಚಕ್ರ ಅದಕ್ಕೆ ಎದೆಗೊಟ್ಟು ನಿಂತುಬಿಡುತ್ತದೆ, ದೊಡ್ಡದು ಅದರ ತಲೆ ಸವರಿ ಏರುತ್ತದೆ. ಇದನ್ನು ಅಂಕಿಯಲ್ಲಿ ನೋಡೋಣ. ದಾರಿಗಡ್ಡ 75 ಮಿ.ಮೀ. ಎತ್ತರದ ಬೇರು ಬಿದ್ದಿದೆ, ಎಲ್ಲ ಗಾಲಿಗಳಿಗೂ 2.4 ಇಂಚಿನ ಟಯರೇ ಇದೆ ಎಂದುಕೊಳ್ಳಿ. ಇಪ್ಪತ್ತೊಂಬತ್ತರ ಗಾಲಿ ಅದನ್ನು ಹತ್ತಲು ಬೇಕಾದ ತಳ್ಳುವಿಕೆ 100 ಎಂದಾದರೆ ಇಪ್ಪತ್ತೇಳೂವರೆಗೆ ಸುಮಾರು 104 ಬೇಕು, ಇಪ್ಪತ್ತಾರಕ್ಕೆ 106. ಮಡಚುವ ಎಲೆಕ್ಟ್ರಿಕ್ ಸೈಕಲ್ಲುಗಳಿಗಿರುವ 20 ಇಂಚಿನ ಪುಟ್ಟ ಗಾಲಿಗೆ 129 ಬೇಕು.

ಈ ಸಂಖ್ಯೆಗಳು ಎರಡು ಸಂಗತಿ ಹೇಳುತ್ತವೆ. ಇಪ್ಪತ್ತರ ಗಾಲಿಯ ಸೈಕಲ್ಲು ಹನಗೋಡಿನ ಕಡೆಯ ಮಣ್ಣು ದಾರಿಗೆ ಬೇಡವೇ ಬೇಡ. ಆದರೆ ಇಪ್ಪತ್ತೇಳೂವರೆ ಮತ್ತು ಇಪ್ಪತ್ತೊಂಬತ್ತರ ನಡುವಿನ ಅಂತರ ಬರೀ ನೂರಕ್ಕೆ ನಾಲ್ಕು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಪುರುಷರ ಮೌಂಟನ್ ಬೈಕ್ ಸ್ಪರ್ಧೆ ಗೆದ್ದ ಝೆಕ್ ಸವಾರ ಯಾರೊಸ್ಲಾವ್ ಕುಲ್ಹಾವಿ ತುಳಿದದ್ದು ಇಪ್ಪತ್ತೊಂಬತ್ತರ ಗಾಲಿ. ಬೆಳ್ಳಿ ಪಡೆದ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಅವರದು ಇಪ್ಪತ್ತೇಳೂವರೆ. ಸುಮಾರು ಒಂದೂವರೆ ಗಂಟೆಯ ಓಟದ ಕೊನೆಗೆ ಅವರಿಬ್ಬರ ನಡುವೆ ಇದ್ದದ್ದು ಒಂದೇ ಸೆಕೆಂಡು. ಜಗತ್ತಿನ ಅತ್ಯುತ್ತಮ ಕಾಲುಗಳಿಗೇ ಇಷ್ಟು ಕಡಿಮೆ ವ್ಯತ್ಯಾಸ ಎಂದಮೇಲೆ, ಗಾಲಿಯ ಅಳತೆಯೊಂದನ್ನೇ ಹಿಡಿದು ಹತ್ತು ಸಾವಿರ ಹೆಚ್ಚು ಕೊಡುವುದು ಸಲ್ಲ.

ವ್ಯತ್ಯಾಸ ನಿಜವಾಗಿ ಕಾಣಿಸುವುದು ಟಯರಿನೊಳಗಿನ ಗಾಳಿಯಲ್ಲಿ. ಹಿಂದಿನ ಗಾಲಿಯ ಮೇಲೆ 60 ಕಿಲೋ ಭಾರ ಕೂತಿದೆ ಎನ್ನಿ. ಗಾಳಿಯ ಒತ್ತಡ 60 ಪಿಎಸ್‌ಐ ಇದ್ದರೆ ಟಯರು ನೆಲ ಮುಟ್ಟುವ ಜಾಗ ಸುಮಾರು 14 ಚದರ ಸೆಂಟಿಮೀಟರ್. 30 ಪಿಎಸ್‌ಐಗೆ ಇಳಿಸಿದರೆ 28. ಹಿಡಿತ ಹೆಚ್ಚುತ್ತದೆ, ಜಲ್ಲಿಯ ಮೇಲೆ ಗಾಲಿ ಕುಪ್ಪಳಿಸುವುದು ನಿಲ್ಲುತ್ತದೆ, ಸೊಂಟಕ್ಕೆ ಪೆಟ್ಟು ತಪ್ಪುತ್ತದೆ. ತೆಳು ಟಯರಿನಲ್ಲಿ ಗಾಳಿ ಇಷ್ಟು ಇಳಿಸಿದರೆ ರಿಮ್ಮು ಕಲ್ಲಿಗೆ ಬಡಿದು ಡೊಂಕಾಗುತ್ತದೆ, ಟ್ಯೂಬು ಎರಡು ಕಡೆ ಕಚ್ಚಿಹೋಗುತ್ತದೆ. ದಪ್ಪ ಟಯರಿನ ಬೆಲೆ ಇರುವುದು ಇಲ್ಲಿ. ಗಾಲಿ ಯಾವುದಾದರೂ ಆಗಲಿ, ಟಯರು 2.2 ಇಂಚಿಗಿಂತ ಕಡಿಮೆ ಇರಬಾರದು ಎಂಬುದು ನನ್ನ ಖಚಿತ ಮಾತು.

ಈಗ ಮೋಟಾರು. ಗಾಲಿಯ ಅಳತೆಗೂ ಮೋಟಾರಿಗೂ ಇರುವ ನಂಟನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮಲ್ಲಿ ಸಿಗುವ ಬಹುಪಾಲು ಎಲೆಕ್ಟ್ರಿಕ್ ಸೈಕಲ್ಲುಗಳಿಗೆ ಹಬ್ ಮೋಟಾರು ಇರುತ್ತದೆ, ಅಂದರೆ ಹಿಂದಿನ ಗಾಲಿಯ ಗುಂಬದಲ್ಲೇ ಮೋಟಾರು ಕೂತಿರುತ್ತದೆ. ಅದು ಗಾಲಿಯನ್ನು ನೇರವಾಗಿ ತಿರುಗಿಸುತ್ತದೆ, ನೀವು ಬದಲಿಸುವ ಗೇರುಗಳಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಅದರ ಪಾಲಿಗೆ ಗಾಲಿಯೇ ಗೇರು. ಮೋಟಾರಿನ ತಿರುಚುಬಲ 35 ನ್ಯೂಟನ್-ಮೀಟರ್ ಇದ್ದರೆ, ಇಪ್ಪತ್ತೊಂಬತ್ತರ ಗಾಲಿಯಲ್ಲಿ ನೆಲಕ್ಕೆ ಸಿಗುವ ತಳ್ಳುವಿಕೆ ಸುಮಾರು 94 ನ್ಯೂಟನ್, ಇಪ್ಪತ್ತೇಳೂವರೆಯಲ್ಲಿ 99. ಕಲ್ಲು ದಾಟುವಾಗ ದೊಡ್ಡ ಗಾಲಿ ಉಳಿಸಿಕೊಟ್ಟದ್ದನ್ನು ದಿಣ್ಣೆ ಹತ್ತುವಾಗ ಹಬ್ ಮೋಟಾರು ವಾಪಸ್ಸು ಕೇಳುತ್ತದೆ.

ಸವಾರ ಮತ್ತು ಸೈಕಲ್ಲು ಸೇರಿ 100 ಕಿಲೋ, ಹತ್ತು ಮೀಟರಿಗೆ ಒಂದು ಮೀಟರ್ ಏರುವ ಮಣ್ಣಿನ ದಿಣ್ಣೆ. ಇಲ್ಲಿ ಬೇಕಾದದ್ದು ಸುಮಾರು 115 ನ್ಯೂಟನ್. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು 320 ವ್ಯಾಟ್ ಬೇಕು. ಮೋಟಾರಿನಿಂದ ಸಿಗುವುದು ಹೆಚ್ಚೆಂದರೆ 250, ಉಳಿದದ್ದನ್ನು ಕಾಲು ಕೊಡಬೇಕು. ಕಾಲು ಕೊಡದೆ ಥ್ರಾಟಲ್ ಹಿಡಿದು ಕೂತರೆ ವೇಗ ಕುಸಿಯುತ್ತದೆ. ವೇಗ ಕುಸಿದರೂ ತಂತಿಯ ಸುರುಳಿಯಲ್ಲಿ ಕರೆಂಟು ಅಷ್ಟೇ ಹರಿಯುತ್ತಿರುತ್ತದೆ, ಅದು ಚಲನೆಯಾಗದೆ ಶಾಖವಾಗುತ್ತದೆ. ಹಬ್ ಮೋಟಾರಿನ ಒಳಗಿನ ನೈಲಾನ್ ಹಲ್ಲುಗಾಲಿಗಳು ಹಾಳಾಗುವುದು ಹೀಗೆ.

ಪೆಡಲಿನ ಅಚ್ಚಿನ ಬಳಿ ಮೋಟಾರು ಕೂರಿಸಿದ ಮಿಡ್ ಡ್ರೈವ್ ಬೈಕಿನ ಕತೆ ಬೇರೆ. ಅದರ ಬಲ ಚೈನು, ಗೇರುಗಳ ಮೂಲಕ ಗಾಲಿಗೆ ಹೋಗುತ್ತದೆ. ದಿಣ್ಣೆ ಬಂದರೆ ಹಗುರ ಗೇರಿಗೆ ಇಳಿಸಿ, ಮೋಟಾರು ಆರಾಮಾಗಿ ತಿರುಗುತ್ತಲೇ ಇರುತ್ತದೆ. ಅಲ್ಲಿ ಇಪ್ಪತ್ತೊಂಬತ್ತರ ಗಾಲಿಯಿಂದ ನಷ್ಟವಿಲ್ಲ. ಬೆಲೆ ಮಾತ್ರ ಹಬ್ ಮೋಟಾರಿನ ಬೈಕಿಗಿಂತ ಬಹಳ ಹೆಚ್ಚು. ಹಬ್ ಮೋಟಾರಿಗೆ ಇಪ್ಪತ್ತೇಳೂವರೆ, ಮಿಡ್ ಡ್ರೈವಿಗೆ ಇಪ್ಪತ್ತೊಂಬತ್ತು: ಅರ್ಧದಷ್ಟು ಆಯ್ಕೆ ಇಲ್ಲೇ ಮುಗಿಯುತ್ತದೆ. ಇನ್ನೊಂದು ಮಾತು ಕೇಳಿ: ಮೋಟಾರು ಯಾವಾಗ ಶುರುವಾಗಬೇಕೆಂದು ತಿಳಿಯುವ ಸೆನ್ಸರ್ ಯಾವುದು? ಪೆಡಲು ತಿರುಗುತ್ತಿದೆಯೇ ಎಂದಷ್ಟೇ ನೋಡುವ ಸೆನ್ಸರ್ ಸಡಿಲ ಜಲ್ಲಿಯ ಮೇಲೆ ತಡವಾಗಿ, ದಿಢೀರನೆ ತಳ್ಳುತ್ತದೆ. ಕಾಲಿನ ಒತ್ತಡ ಅಳೆಯುವ ಟಾರ್ಕ್ ಸೆನ್ಸರ್ ನೀವು ತುಳಿದಷ್ಟಕ್ಕೆ ತಕ್ಕಷ್ಟು ಕೊಡುತ್ತದೆ. ಕಚ್ಚಾ ರಸ್ತೆಗೆ ಎರಡನೆಯದೇ ಸರಿ.

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಅದನ್ನು ತುಂಬಲು ಅರ್ಧ ಯೂನಿಟ್ ಕರೆಂಟು ಸಾಕು. ನೀವೂ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 8ರಿಂದ 10 ವ್ಯಾಟ್-ಅವರ್ ಖರ್ಚಾಗುತ್ತದೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಒಂದೇ ಚಾರ್ಜಿನಲ್ಲಿ ತಲುಪುವುದು ಕಷ್ಟ. ಆದರೆ ಹೊಲ, ಶಾಲೆ, ಡೈರಿ, ಸಂತೆಯ ಓಡಾಟಕ್ಕೆ ಒಂದು ಚಾರ್ಜು ಎರಡು ಮೂರು ದಿನ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಸೊಪ್ಪು ಬೇಯಿಸುವಾಗ ಬ್ಯಾರನ್ನಿನ ಒಳಗಿನ ಶಾಖ ಕೊನೆಯ ಹಂತದಲ್ಲಿ 70 ಡಿಗ್ರಿ ಮುಟ್ಟುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜು ಮಾಡಲೇಬಾರದು. ಬ್ಯಾರನ್ನಿನ ಗೋಡೆಗೆ ಸೈಕಲ್ಲು ಒರಗಿಸಿ ಅಲ್ಲೇ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ನೆರಳಿಗೆ ತನ್ನಿ.

ನಾಲ್ಕು ತಾಲ್ಲೂಕುಗಳ ದಾರಿ ಒಂದೇ ಬಗೆಯದಲ್ಲ. ಕೆ.ಆರ್. ನಗರದ ಕಡೆ ಚಾಮರಾಜ ನಾಲೆಗಳ ಏರಿ ಉದ್ದಕ್ಕೂ ಸಪಾಟು, ಚುಂಚನಕಟ್ಟೆಯವರೆಗೂ ದಿಣ್ಣೆಯ ಕಾಟವಿಲ್ಲ. ಉದ್ದನೆಯ ಆಳಾದರೆ ಇಲ್ಲಿ ಹಬ್ ಮೋಟಾರಿನ ಇಪ್ಪತ್ತೊಂಬತ್ತೂ ನಡೆಯುತ್ತದೆ. ಪಿರಿಯಾಪಟ್ಟಣ, ಹುಣಸೂರಿನ ಕೆಂಪು ಮಣ್ಣು ಬೇಸಿಗೆಯಲ್ಲಿ ಹುಡಿಯಾಗಿ ಜಾರುತ್ತದೆ, ಮಳೆಗೆ ಗಾಡಿಜಾಡು ಕೊರಕಲಾಗುತ್ತದೆ. ಬೆಟ್ಟದಪುರದ ಸುತ್ತ ಏರಿಳಿತವೂ ಸೇರಿಕೊಳ್ಳುತ್ತದೆ. ಎಚ್.ಡಿ. ಕೋಟೆ ಇವೆಲ್ಲಕ್ಕಿಂತ ಕಠಿಣ. ಅಂತರಸಂತೆ ಕಡೆಯ ಹತ್ತಿ ಬೆಳೆಯುವ ಎರೆಭೂಮಿಯಲ್ಲಿ ಮುಂಗಾರಿನ ಒಂದು ಮಳೆ ಸುರಿದರೆ ಮಣ್ಣು ಟಯರಿಗೆ ಸುತ್ತಿ, ಫ್ರೇಮಿಗೆ ಮೆತ್ತಿ, ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ಅಲ್ಲಿ ಅತಿ ದಪ್ಪ ಟಯರು ತೊಂದರೆಯೇ. 2.2 ಸಾಕು, ಟಯರಿಗೂ ಫ್ರೇಮಿಗೂ ನಡುವೆ ಒಂದು ಬೆರಳು ಸಲೀಸಾಗಿ ತೂರಬೇಕು. ಆ ಹೊತ್ತಿನಲ್ಲಿ ಮೋಟಾರಿನಿಂದ ಜಗ್ಗಿಸಬೇಡಿ, ಇಳಿದು ಕಡ್ಡಿಯಿಂದ ಮಣ್ಣು ಕೆರೆಯಿರಿ.

ಬೇಸಿಗೆ ಬಂತೆಂದರೆ ಮುಳ್ಳಿನ ಕಾಲ. ಜಾಲಿಯ ಮುಳ್ಳು ಕಣ್ಣಿಗೆ ಕಾಣುತ್ತದೆ, ನೆಲಕ್ಕಂಟಿ ಹಬ್ಬುವ ನೆಗ್ಗಿಲು ಮುಳ್ಳು ಕಾಣುವುದಿಲ್ಲ. ಅದು ಹೇಗೆ ಬಿದ್ದರೂ ಒಂದು ಮೊನೆ ಮೇಲೆ ನೋಡುತ್ತಿರುತ್ತದೆ. ಹಬ್ ಮೋಟಾರಿನ ಹಿಂದಿನ ಗಾಲಿ ಪಂಚರಾದರೆ ಬಿಚ್ಚುವುದು ತಲೆನೋವು: ದಪ್ಪ ನಟ್ಟುಗಳು, ಮೋಟಾರಿನ ವೈರು, ನಾಲ್ಕು ಕಿಲೋ ತೂಕ. ಆದರೆ ನಮ್ಮ ಊರಿನ ಪಂಚರ್ ಅಂಗಡಿಯವರು ಇದಕ್ಕೆ ಮೊದಲಿನಿಂದಲೂ ಉತ್ತರ ಇಟ್ಟುಕೊಂಡಿದ್ದಾರೆ. ಗಾಲಿ ಬಿಚ್ಚದೆಯೇ ಟಯರಿನ ಒಂದು ಅಂಚು ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ನೀರಿನ ಬಟ್ಟಲಿನಲ್ಲಿ ಅದ್ದಿ, ತೇಪೆ ಹಾಕಿಬಿಡುತ್ತಾರೆ. ಹಬ್ ಮೋಟಾರಿಗೆ ಇದಕ್ಕಿಂತ ಒಳ್ಳೆಯ ವಿಧಾನ ನಾನು ಕಂಡಿಲ್ಲ. ಅವರ ಬಳಿ ನಿಮ್ಮ ಅಳತೆಯ ಟ್ಯೂಬು ಇಲ್ಲದಿರಬಹುದು, ಬೈಕಿನ ಜೊತೆಗೇ ಎರಡು ಟ್ಯೂಬು ಕೊಂಡು ಇಟ್ಟುಕೊಳ್ಳಿ.

ಕೊಳ್ಳುವ ಮುನ್ನ ಫ್ರೇಮಿನ ಎರಡೂ ಬದಿಗೆ ಕಾಲಿಟ್ಟು, ಪಾದ ಪೂರ್ತಿ ಊರಿ ನಿಂತು ನೋಡಿ. ಫ್ರೇಮು ತೊಡೆಯ ಸಂದಿಗೆ ತಾಗಿದರೆ ಆ ಬೈಕು ನಿಮ್ಮದಲ್ಲ. ಐದೂಕಾಲು ಅಡಿಗಿಂತ ಕಡಿಮೆ ಎತ್ತರದವರು ಇಪ್ಪತ್ತೊಂಬತ್ತರ ಆಸೆ ಬಿಡುವುದು ಲೇಸು, ತಿರುವಿನಲ್ಲಿ ಪಾದದ ತುದಿ ಮುಂದಿನ ಗಾಲಿಗೆ ತಗಲುವ ಸಂಭವವೂ ಇರುತ್ತದೆ. ಆಮೇಲೆ ಮೋಟಾರು ಆಫ್ ಮಾಡಿ ಅರ್ಧ ಕಿಲೋಮೀಟರ್ ತುಳಿಯಿರಿ. ಇಪ್ಪತ್ತು ಇಪ್ಪತ್ತೈದು ಕಿಲೋ ತೂಗುವ ಯಂತ್ರ ಅದು, ಬ್ಯಾಟರಿ ಮುಗಿದ ದಿನ ಮನೆ ಮುಟ್ಟಿಸಬೇಕಾದವರು ನೀವೇ. ಅಷ್ಟು ತೂಕ ಇಳಿಜಾರಿನಲ್ಲಿ ನಿಲ್ಲಬೇಕಲ್ಲ, ಎರಡೂ ಗಾಲಿಗೆ ಡಿಸ್ಕ್ ಬ್ರೇಕು ಇರಲಿ, ಅದೂ ಎಣ್ಣೆ ಒತ್ತಡದ ಹೈಡ್ರಾಲಿಕ್ ಬಗೆಯದೇ ಇರಲಿ. ಮೋಟಾರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರುವ, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಬೈಕಿಗೆ ನೋಂದಣಿ, ಲೈಸೆನ್ಸು ಬೇಕಿಲ್ಲ. ಅದಕ್ಕಿಂತ ಜೋರಾಗಿ ಓಡುವಂತೆ ಮಾಡಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ.

ಕೊನೆಯದಾಗಿ, ನಾಗರಹೊಳೆಯ ಅಂಚಿನಲ್ಲಿರುವ ಓದುಗರಿಗೆ ಒಂದು ಮಾತು. ವೀರನಹೊಸಹಳ್ಳಿಯ ಸುತ್ತಮುತ್ತ, ಕಬಿನಿ ಹಿನ್ನೀರಿನ ಆಚೀಚೆ ಆನೆ ಯಾವ ತಿರುವಿನಲ್ಲಾದರೂ ನಿಂತಿರಬಹುದು. ಮೋಟಾರ್ ಬೈಕಿನ ಸದ್ದು ಅದಕ್ಕೆ ದೂರದಿಂದಲೇ ಕೇಳುತ್ತದೆ, ಎಲೆಕ್ಟ್ರಿಕ್ ಸೈಕಲ್ಲಿನದು ಕೇಳುವುದಿಲ್ಲ. ಬೆಚ್ಚಿದ ಆನೆಯ ಓಟವೇನೂ ನಿಧಾನದ್ದಲ್ಲ. ಏಷ್ಯಾದ ಆನೆಗಳ ಓಟವನ್ನು ವಿಜ್ಞಾನಿಗಳು ಥಾಯ್ಲೆಂಡಿನಲ್ಲಿ ಅಳೆದು 2003ರಲ್ಲಿ ಪ್ರಕಟಿಸಿದಾಗ ಕಂಡುಬಂದ ಹೆಚ್ಚಿನ ವೇಗ ಸೆಕೆಂಡಿಗೆ 6.8 ಮೀಟರ್, ಅಂದರೆ ಗಂಟೆಗೆ ಸುಮಾರು ಇಪ್ಪತ್ತನಾಲ್ಕೂವರೆ ಕಿಲೋಮೀಟರ್. ನಿಮ್ಮ ಮೋಟಾರು ಕೈಬಿಡುವುದೂ 25ಕ್ಕೇ, ಅದೂ ಒಳ್ಳೆಯ ರಸ್ತೆಯಲ್ಲಿ. ಕಾಡಿನ ಒಳದಾರಿಗೆ ಸೈಕಲ್ಲು ಇಳಿಸಬೇಡಿ. ಕಾಡಂಚಿನ ತಿರುವುಗಳಲ್ಲಿ ಬೆಲ್ ಬಾರಿಸುತ್ತಾ ನಿಧಾನವಾಗಿ ಹೋಗಿ, ಬೆಳಕಿರುವಾಗಲೇ ಮನೆ ಸೇರಿ.