ಕಾಗೆಯೂ ಕೊಂಬೆಯೂ

ರಾಜಾಜಿನಗರ, ವಿಜಯನಗರ, ಕೆಂಗೇರಿ ಮೊದಲಾದ ಬಡಾವಣೆಗಳ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಹಾಕುವ ದಿನ ತಾಯಂದಿರು ಕೂಸುಗಳನ್ನು ಮಡಿಲಲ್ಲಿರಿಸಿಕೊಂಡು ಸಾಲಾಗಿ ಕುಳಿತಿರುವುದನ್ನು ನೀವು ನೋಡಿರಬಹುದು. ಅವರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ‘ಲಸಿಕೆ ಹಾಕಿಸಿದ ಮರುದಿನವೇ ಯಾರದೋ ಮಗು ಕಾಯಿಲೆ ಬಿದ್ದಿತಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಆ ಅಳುಕು ಭಯವಾಗುತ್ತದೆ. ಇಂಥ ಮಾತನ್ನು ವಿಚಾರಿಸದೆ ನಂಬುವುದೂ ತಪ್ಪು, ವಿಚಾರಿಸದೆ ತಳ್ಳಿಹಾಕುವುದೂ ತಪ್ಪು. ಅದನ್ನು ತೂಗಿ ನೋಡುವ ಬಗೆಯನ್ನು ನಾವು ಅರಿಯಬೇಕು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬುದು ನಮ್ಮ ಗಾದೆ. ಒಂದು ಘಟನೆಯ ಅನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು. ಹುಟ್ಟಿದಾಗ, 6, 10 ಮತ್ತು 14ನೆಯ ವಾರಗಳಲ್ಲಿ, ಬಳಿಕ 9 ತಿಂಗಳು ತುಂಬಿದಾಗ, ಹೀಗೆ ಮೊದಲ ವರ್ಷದಲ್ಲಿ ಕೂಸಿಗೆ ಐದು ಸಲ ಲಸಿಕೆಯಾಗುತ್ತದೆ. ಲಸಿಕೆಗೆ ಸಂಬಂಧವೇ ಇಲ್ಲದ ಕಾರಣಗಳಿಂದ 365 ಕೂಸುಗಳು ವರ್ಷದಲ್ಲಿ ಒಂದೊಂದು ದಿನ ಕಾಯಿಲೆ ಬೀಳುತ್ತವೆಂದು ಭಾವಿಸೋಣ. ಆ ದಿನಗಳು ವರ್ಷದುದ್ದಕ್ಕೂ ಸಮನಾಗಿ ಹರಡಿದ್ದರೆ, ಸುಮಾರು ಐದು ಕೂಸುಗಳ ಕಾಯಿಲೆ ಲಸಿಕೆಯ ಮರುದಿನವೇ ಬಂದಿರುತ್ತದೆ. ಉಳಿದ 360 ಯಾರ ಗಮನಕ್ಕೂ ಬಾರವು. ಈ ಐದು ಮಾತ್ರ ಊರೆಲ್ಲ ಸುದ್ದಿಯಾಗುತ್ತವೆ.

ಹಾಗೆಂದು ಎಲ್ಲವನ್ನೂ ಕಾಕತಾಳೀಯವೆಂದು ಕೈತೊಳೆದುಕೊಳ್ಳುವಂತಿಲ್ಲ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಕೆಲವು ಮಕ್ಕಳು ಅಸ್ವಸ್ಥರಾಗಿ, ಅವರಲ್ಲಿ ಮೂವರು ಕೂಸುಗಳು ತೀರಿಕೊಂಡವು. ಲಸಿಕೆಯ ಸೀಸೆಗಳನ್ನು ಇರಿಸಿದ ಮತ್ತು ಬಳಸಿದ ಕ್ರಮದಲ್ಲಿ ಲೋಪವಾಗಿತ್ತೆಂದು ಪ್ರಾಥಮಿಕ ವಿಚಾರಣೆಯ ಬಳಿಕ ವರದಿಯಾಯಿತು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಯ್ದಿಡಬೇಕು. ಪುಡಿಗೆ ದ್ರವ ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಿ, ಉಳಿದುದನ್ನು ಚೆಲ್ಲಬೇಕು. ತಪ್ಪಿದರೆ ಅದರಲ್ಲಿ ರೋಗಾಣುಗಳು ಬೆಳೆಯಬಹುದು. ಒಂದೇ ಕಡೆ, ಒಂದೇ ಕಾಲದಲ್ಲಿ, ಒಂದೇ ಬಗೆಯಲ್ಲಿ ಹಲವು ಮಕ್ಕಳು ನರಳಿದಾಗ ಕಾಗೆ-ಕೊಂಬೆಯ ಗಾದೆ ಸಾಲದು.

ಆದುದರಿಂದಲೇ ವೈದ್ಯರು ಇಂಥ ಘಟನೆಗಳ ಕಾರಣಗಳನ್ನು ಐದಾಗಿ ವಿಂಗಡಿಸಿದ್ದಾರೆ: ಲಸಿಕೆಯ ಸಹಜ ಗುಣ, ಅದರ ತಯಾರಿಕೆಯ ದೋಷ, ಕೊಡುವವರ ತಪ್ಪು, ಪಡೆಯುವವರ ಭೀತಿ, ಆಕಸ್ಮಿಕ. ಜ್ವರ, ಬಾವು ಮೊದಲನೆಯ ವರ್ಗದವು. ಸಾಮಾನ್ಯವಾಗಿ ತಾವೇ ಇಳಿಯುತ್ತವೆ. ಅದೇ ವರ್ಗಕ್ಕೆ ಸೇರಿದ ತೀವ್ರ ಅಲರ್ಜಿಯು ಹತ್ತು ಲಕ್ಷ ಲಸಿಕೆಗಳಿಗೆ ಒಂದರಂತೆ ಅತಿ ವಿರಳ. ಆದರೆ ಒಡನೆಯೇ ಚಿಕಿತ್ಸೆ ಬೇಕು. ಲಸಿಕೆಯ ಅನಂತರ ಅರ್ಧ ಗಂಟೆ ಅಲ್ಲಿಯೇ ಇರಬೇಕೆನ್ನುವುದು ಇದಕ್ಕಾಗಿ.

ಗಂಭೀರ ಘಟನೆಯನ್ನು ತಡಮಾಡದೆ ಮೇಲಿನವರಿಗೆ ತಿಳಿಸಬೇಕೆಂಬುದು ನಿಯಮ. ಹಾಗೆ ಬಂದ ವರದಿ ಒಂದು ದೂರು, ತೀರ್ಪಲ್ಲ. ಅದೇ ಸೀಸೆಯಿಂದ ಲಸಿಕೆ ಪಡೆದ ಇತರರು ಹೇಗಿದ್ದಾರೆ? ಲಸಿಕೆ ಪಡೆಯದವರಲ್ಲಿಯೂ ಆ ಕಾಯಿಲೆ ಇದೆಯೇ? ಮಗು ಮೊದಲೇ ಅಸ್ವಸ್ಥವಾಗಿತ್ತೇ? ಇವುಗಳಿಗೆ ಉತ್ತರ ದೊರೆತ ಮೇಲೆಯೇ ತೀರ್ಪು. ವರದಿಗಳು ಹೆಚ್ಚಿದರೆ ಅಪಾಯ ಹೆಚ್ಚಿತೆಂದೇ ಅರ್ಥವಲ್ಲ. ಎಚ್ಚರ ಹೆಚ್ಚಿತೆಂದೂ ಇರಬಹುದು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ರೋಗವಿದೆ. 1963ರಲ್ಲಿ ಲಸಿಕೆ ಬರುವ ಮುನ್ನ ದಡಾರವು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿತ್ತೆಂದು ಅಂದಾಜು. ರಾಮದುರ್ಗದ ಸುದ್ದಿ ಕೇಳಿ ಲಸಿಕೆಯನ್ನೇ ಬಿಟ್ಟರೆ ಇನ್ನಷ್ಟು ಕೂಸುಗಳು ಆ ರೋಗಕ್ಕೆ ತುತ್ತಾದಾವು. ಸುದ್ದಿಯನ್ನು ಮುಚ್ಚಿಟ್ಟರೆ ಅದೇ ಲೋಪ ಮತ್ತೊಂದು ಊರಿನಲ್ಲಿ ಮರುಕಳಿಸೀತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರ ಮಾತು ತಾಯಂದಿರಿಗೂ ಅಧಿಕಾರಿಗಳಿಗೂ ಸಮಾನವಾಗಿ ಸಲ್ಲುತ್ತದೆ.